ಎರಡು ಕಾರು, ಒಬ್ಬ ಮಾವ, ಸಾವಿರ ಚುಕ್ಕೆ

ಹೊಟ್ಟೆಕಿಚ್ಚು ನನ್ನ ಸ್ವಭಾವದಲ್ಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಬೇರೆ ಅನುಮಾನ ಬರಬಹುದು. ಪಕ್ಕದ ಮನೆಯವರು ಮಹಡಿ ಎತ್ತಿದರು, ನನಗೇನೂ ಅನ್ನಿಸಲಿಲ್ಲ. ಕಚೇರಿಯಲ್ಲಿ ನನಗಿಂತ ಆರು ವರ್ಷ ತಡವಾಗಿ ಸೇರಿದವನಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು, ನಾನೇ ಹೋಗಿ ಕೈ ಕುಲುಕಿದೆ. ನನಗೆ ಹೊಟ್ಟೆ ಉರಿಯುವುದು ಈ ಭೂಮಿಯ ಮೇಲೆ ಒಬ್ಬನೇ ಒಬ್ಬನನ್ನು ಕಂಡರೆ. ಅವನು ನನ್ನ ಷಡ್ಡಕ.

ಷಡ್ಡಕ ಎನ್ನುವುದು ವಿಚಿತ್ರ ಸಂಬಂಧ. ರಕ್ತಸಂಬಂಧವಲ್ಲ, ಸ್ನೇಹವಲ್ಲ, ನಾವಾಗಿ ಆರಿಸಿಕೊಂಡದ್ದೂ ಅಲ್ಲ. ಇಬ್ಬರು ಅಕ್ಕತಂಗಿಯರನ್ನು ಮದುವೆಯಾದ ತಪ್ಪಿಗೆ ಇಬ್ಬರು ಗಂಡಸರು ಒಬ್ಬನೇ ಮಾವನನ್ನು ಜೀವಮಾನವಿಡೀ ಹಂಚಿಕೊಳ್ಳಬೇಕಾದ ಏರ್ಪಾಡು. ನನ್ನ ಷಡ್ಡಕ ಹಾಸಿಗೆ ಮಾರುತ್ತಾನೆ. ಮೂರು ಅಂಗಡಿ ಇಟ್ಟಿದ್ದಾನೆ. ಊರಿಗೆಲ್ಲ ನಿದ್ದೆ ಕೊಡುವ ಆ ಮನುಷ್ಯ ನನ್ನ ನಿದ್ದೆಯನ್ನು ಮಾತ್ರ ಕಿತ್ತುಕೊಂಡಿದ್ದಾನೆ.

ಅವನು ಹೊಸ ಕಾರು ಕೊಂಡ. ಕೊಳ್ಳಲಿ, ಬೇಡ ಎಂದವರು ಯಾರು? ಆದರೆ ಕೊಂಡವನು ಸುಮ್ಮನಿರದೆ ಮಾವನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸಿ ನಮ್ಮ ಮನೆ ಮುಂದೆ ತಂದು ಇಳಿಸಿದ. ಮಾವ ನಲವತ್ತು ವರ್ಷ ಗಾಜು ಕತ್ತರಿಸಿದವರು. ಈ ಊರಿನ ಅರ್ಧದಷ್ಟು ಕಿಟಕಿಗಳಿಗೆ ಗಾಜು ಕೂರಿಸಿದ್ದು ಅವರೇ. ಮಾತು ಬಹಳ ಕಡಿಮೆ. ಅವರ ಬಾಯಿಂದ ಒಂದು ಮೆಚ್ಚುಗೆ ಹೊರಡಿಸುವುದು ಕಲ್ಲಿನಿಂದ ನಾರು ತೆಗೆದಂತೆ. ಅಂಥವರು ಕಾರಿನಿಂದ ಇಳಿದು, ಮುಂದಿನ ಗಾಜಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆದು, "ಒಳ್ಳೇ ಗಾಜು" ಅಂದರು.

ಎರಡೇ ಎರಡು ಪದ. ನನ್ನ ಕಾರಿನಲ್ಲಿ ಅವರು ಹನ್ನೊಂದು ವರ್ಷದಿಂದ ಓಡಾಡಿದ್ದಾರೆ. "ಬಾಗಿಲು ಮೆಲ್ಲಗೆ ಹಾಕು" ಎಂಬುದನ್ನು ಬಿಟ್ಟರೆ ನನ್ನ ಕಾರಿನ ಬಗ್ಗೆ ತುಟಿ ಬಿಚ್ಚಿದವರಲ್ಲ. ನಾನು ಚಿಕ್ಕವನಿದ್ದಾಗಲೇ ಅಪ್ಪನನ್ನು ಕಳೆದುಕೊಂಡವನು. ನನಗೆ ಇರುವುದು ಇವರೊಬ್ಬರು, ಅವರನ್ನೂ ಅರ್ಧ ಹಂಚಿಕೊಳ್ಳಬೇಕು, ಆ ಅರ್ಧದಲ್ಲೂ ಮುಂದಿನ ಸೀಟು ಅವನ ಪಾಲಿಗೆ ಹೋದರೆ ಹೇಗೆ?

ಅದೇ ದಿನ ಇನ್ನೊಂದು ವಿಷಯ ಹೊರಬಿತ್ತು. ಮಾವನವರಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ದಿನ ಗೊತ್ತಾಗಿತ್ತು, ಇನ್ನು ಮೂರು ವಾರ. ಆಮೇಲೆ ಒಂದು ತಿಂಗಳು ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧಿ ಹಾಕುವವರು ಬೇಕು. ತಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿ ಯಾರ ಹಂಗೂ ಇಲ್ಲದೆ ಇರುವ ಮನುಷ್ಯ, ಆ ತಿಂಗಳು ಮಾತ್ರ ಮಗಳ ಮನೆಗೆ ಬರಲು ಒಪ್ಪಿದ್ದರು.

"ಯಾವ ಮಗಳ ಮನೆಗೆ?" ಎಂದು ಇಬ್ಬರು ಹೆಣ್ಣುಮಕ್ಕಳೂ ಒಟ್ಟಿಗೆ ಕೇಳಿದರು.

"ಆಸ್ಪತ್ರೆಯಿಂದ ಯಾರು ಕರ್ಕೊಂಡು ಹೋಗ್ತಾರೋ ಅವರ ಮನೆಗೆ" ಅಂದರು ಮಾವ. ಇದನ್ನು ಅವರು ಜಗಳ ನಿಲ್ಲಿಸಲು ಹೇಳಿದರೋ ಹಚ್ಚಲು ಹೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಕಾರಿನ ಮರ್ಯಾದೆ ಹೆಚ್ಚಿಸಬೇಕೆಂದು ನಾನು ತೀರ್ಮಾನಿಸಿದ್ದು ಆಗ. ಷಡ್ಡಕನ ಮನೆಯಲ್ಲಿ ಕಾರಿಗೆ ಸೂರಿದೆ, ನನ್ನದು ಬಿಸಿಲಲ್ಲಿ ನಿಲ್ಲುತ್ತದೆ. ಸರಿ, ಮನೆ ಮುಂದೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಚಪ್ಪರ ಹಾಕಿಸುವುದೆಂದು ಒಬ್ಬ ವೆಲ್ಡರನ್ನು ಕರೆಸಿದೆ. ಬಹಳ ವಿನಯದ ಮನುಷ್ಯ. ಯಾರು ಏನು ಹೇಳಿದರೂ "ನಿಮ್ಮಿಷ್ಟ ಸಾರ್" ಅನ್ನುವವನು. ಬಂದವನೇ, "ಕಾರನ್ನ ಸ್ವಲ್ಪ ಆಚೆ ನಿಲ್ಲಿಸಿ ಸಾರ್, ಕಬ್ಬಿಣ ಕೊಯ್ಯೋಕೆ ಗ್ರೈಂಡರ್ ಹಾಕ್ಬೇಕು, ಕಿಡಿ ಹಾರುತ್ತೆ" ಅಂದ.

"ಅಂಗಿ ಹೊಲಿಸುವಾಗ ಮೈ ಆಚೆ ಇಟ್ಟು ಬರ್ತಾರೇನಯ್ಯಾ? ಅಳತೆಗೆ ಕಾರು ಇಲ್ಲೇ ಇರ್ಬೇಕು."

"ಹಾಗಾದ್ರೆ ಒದ್ದೆ ಗೋಣಿಚೀಲ ಮುಚ್ಚಿ ಸಾರ್."

ಬಾನೆಟ್ಟಿಗೆ ಮುಚ್ಚಿದೆ, ಮೇಲ್ಚಾವಣಿಗೆ ಮುಚ್ಚಿದೆ, ಚಕ್ರಗಳಿಗೂ ಮುಚ್ಚಿದೆ. ಗಾಜಿನ ಹತ್ತಿರ ಬರುವಾಗ ಚೀಲ ಮುಗಿದಿತ್ತು.

"ಗಾಜಿಗೂ ಏನಾದ್ರೂ ಹಾಕಿ ಸಾರ್."

ನಾನು ನಕ್ಕೆ. "ಗಾಜು ಹುಟ್ಟಿದ್ದೇ ಬೆಂಕೀಲಿ. ತವರಿನವರನ್ನ ಕಂಡು ಯಾರಾದ್ರೂ ಹೆದರ್ತಾರಾ?"

"ನಿಮ್ಮಿಷ್ಟ ಸಾರ್" ಎಂದು ಅವನು ಗ್ರೈಂಡರ್ ಒತ್ತಿದ.

ಎಂಥ ಚೆಂದದ ಕಿಡಿಗಳು! ಒಂದು ಗಂಟೆ ಹೊತ್ತು ನಾನು ಕುರ್ಚಿ ಹಾಕಿಕೊಂಡು ಕಣ್ತುಂಬ ನೋಡಿದೆ. ಸಂಜೆ ಹೆಂಡತಿ ಬಂದು ಗಾಜಿನ ಮೇಲೆ ಅಂಗೈ ಸವರಿ, "ಇದೇನ್ರೀ, ಮರಳು ಕಾಗದ ಸವರಿದ ಹಾಗಿದೆ?" ಅಂದಾಗಲೇ ನಾನು ಎದ್ದು ನೋಡಿದ್ದು. ಗಾಜಿನ ತುಂಬ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಸೋಪು ಹಾಕಿದೆ, ಹೋಗಲಿಲ್ಲ. ಉಗುರಿನಲ್ಲಿ ಕೆರೆದೆ, ಉಗುರು ಹೋಯಿತು. ಕಾದ ಕಬ್ಬಿಣದ ಕಣ ಒಂದೊಂದೂ ಕರಗಿ ಗಾಜಿನೊಳಗೆ ಇಳಿದು ಗಟ್ಟಿಯಾಗಿ ಕೂತುಬಿಟ್ಟಿತ್ತು.

ಮಾರನೆಯ ಬೆಳಿಗ್ಗೆ ಕಾರಿಗೆ ಹೊದಿಕೆ ಹಾಕುವಷ್ಟರಲ್ಲಿ, ಯಾರು ಬರಬಾರದಿತ್ತೋ ಅವನೇ ಬಂದ. ಷಡ್ಡಕನ ಮೂಗು ಅಂಥದು. ನನ್ನ ಮನೆಯಲ್ಲಿ ಏನಾದರೂ ಕೆಟ್ಟರೆ ಅವನಿಗೆ ಮೂರು ಬೀದಿ ಆಚೆಯಿಂದಲೇ ವಾಸನೆ ಹೊಡೆಯುತ್ತದೆ. ಎಳೆ ಬಿಸಿಲು ಗಾಜಿನ ಮೇಲೆ ಬಿದ್ದು ಚುಕ್ಕೆಗಳೆಲ್ಲ ಮಿನುಗುತ್ತಿದ್ದವು.

"ಏನಿದು ಗಾಜಿಗೆ?" ಎಂದ ಅವನು. ತುಟಿಯ ತುದಿಯಲ್ಲಿ ಆಗಲೇ ನಗು ಕೂತಿತ್ತು.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಒಂದು ಮಾತು ಹೇಳಬೇಕು. ನಾನು ನೀರು ಸರಬರಾಜು ಕಚೇರಿಯಲ್ಲಿ ದೂರು ವಿಭಾಗದ ಗುಮಾಸ್ತ. ಹದಿನಾರು ವರ್ಷದಿಂದ ದೂರುಗಳಿಗೆ ಉತ್ತರ ಬರೆಯುತ್ತಿದ್ದೇನೆ. ನಲ್ಲಿಯಲ್ಲಿ ನೀರು ಬರದಿದ್ದರೆ ನಮ್ಮಲ್ಲಿ ಅದು 'ಒತ್ತಡ ಸಮತೋಲನ'. ಕೆಂಪು ನೀರು ಬಂದರೆ 'ಖನಿಜಯುತ ಹಂತ'. ಯಾವ ಕೇಡನ್ನೂ ಕೇಡೆಂದು ಒಪ್ಪಿಕೊಳ್ಳದೆ ಅದಕ್ಕೊಂದು ಯೋಜನೆಯ ಹೆಸರಿಡುವುದು ನನ್ನ ರಕ್ತದಲ್ಲೇ ಸೇರಿಹೋಗಿದೆ. ಹಾಗಾಗಿ ನಾನು ಯೋಚಿಸುವ ಮೊದಲೇ ನನ್ನ ಬಾಯಿ ಉತ್ತರ ಕೊಟ್ಟಿತ್ತು.

"ಇದಾ? ಇದು ಕಿರಣ ಚದುರಿಕೆ ವ್ಯವಸ್ಥೆ."

"ಏನು ವ್ಯವಸ್ಥೆ?"

"ಮಾವನ ಕಣ್ಣಿಗೋಸ್ಕರ. ಆಪರೇಷನ್ ಆದ ಕಣ್ಣಿಗೆ ನೇರ ಬಿಸಿಲು ಆಗಲ್ಲವಲ್ಲ? ಈ ಕಣಗಳು ಬೆಳಕನ್ನ ಚದುರಿಸಿ ತಂಪು ಮಾಡಿ ಒಳಗೆ ಬಿಡ್ತವೆ. ನಮ್ಮ ಚಪ್ಪರದ ವೆಲ್ಡರ್ ಕಿಡಿ ಹಾರಿಸಿ ಇಳಿಸಿಕೊಟ್ಟ. ಎಲ್ಲ ಕಾರಿಗೂ ಆಗಲ್ಲ ಬಿಡು. ಹಳೇ ಗಾಜು ಪಳಗಿರುತ್ತೆ, ಹಿಡಿಯುತ್ತೆ."

ಷಡ್ಡಕನ ತುಟಿಯ ಮೇಲಿದ್ದ ನಗು ನಿಧಾನವಾಗಿ ಎದ್ದು ಹೊರಟುಹೋಯಿತು. ಅವನು ಗಾಜನ್ನು ಮುಟ್ಟಿದ. ಬಗ್ಗಿ ನೋಡಿದ. ದೂರ ಹೋಗಿ ನಿಂತು ನೋಡಿದ. "ಮಾವನಿಗೆ ಹೇಳಿದ್ದೀಯಾ?" ಎಂದು ಕೇಳಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಷಡ್ಡಕನಿಗೆ ನನ್ನನ್ನು ಕಂಡು ಹೊಟ್ಟೆ ಉರಿದಿತ್ತು. ಅಂದು ಮಧ್ಯಾಹ್ನ ನಾನು ಎರಡು ಪಟ್ಟು ಊಟ ಮಾಡಿದೆ.

ಹೆಂಡತಿಗೆ ಈ ಸಡಗರ ಹಿಡಿಸಲಿಲ್ಲ. "ನಾಳೆ ಗೊತ್ತಾದ್ರೆ?" ಅಂದಳು. "ಹೇಗೆ ಗೊತ್ತಾಗುತ್ತೆ? ಅವನು ಮಾರೋದು ಹಾಸಿಗೆ, ಗಾಜಲ್ಲ" ಅಂದೆ. "ನಮ್ಮಪ್ಪ ಮಾರ್ತಿದ್ದಿದ್ದು ಗಾಜೇ" ಅಂದಳು. ಹೆಂಗಸರಿಗೆ ಮುಖ್ಯವಲ್ಲದ ವಿಷಯಗಳನ್ನೇ ಎತ್ತಿ ಹಿಡಿಯುವ ಅಭ್ಯಾಸ.

ಸುದ್ದಿಗೆ ಕಾಲು ಬಂತು. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಬೆಳಿಗ್ಗೆ ಬೆಳಿಗ್ಗೆ ಬಂದು ಗಾಜಿನ ಮುಂದೆ ಅಟೆನ್ಷನ್ನಿನಲ್ಲಿ ನಿಂತರು. "ಇಷ್ಟು ವರ್ಷದ ನೆರೆಯವನು ನಾನು. ಹೊರಗಿನವರಿಂದ ತಿಳ್ಕೋಬೇಕಾಯ್ತಲ್ಲ!" ಎಂದು ಗಾಜನ್ನು ಸವರಿದರು. ಅವರಿಗಿರುವುದು ಒಂದು ಸ್ಕೂಟರು, ಅದಕ್ಕೆ ಗಾಜೇ ಇಲ್ಲ. ಕಚೇರಿಗೆ ಹೋಗುವಾಗ ನಾಲ್ಕು ರಸ್ತೆ ಕೂಡುವಲ್ಲಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಿಡಿದ.

"ಗಾಜಿಗೆ ಏನು ಅಂಟಿಸಿದ್ದೀರಿ? ಇದಕ್ಕೆ ಅನುಮತಿ ಇದೆಯಾ?"

"ಅಂಟಿಸಿದ್ದಲ್ಲ ಸ್ವಾಮಿ, ಇಳಿಸಿದ್ದು" ಎಂದು ಮೂರು ನಿಮಿಷ ಕಿರಣ ಚದುರಿಕೆಯ ಬಗ್ಗೆ ಹೇಳಿದೆ. ಹಿಂದೆ ವಾಹನಗಳ ಸಾಲು ಬೆಳೆಯಿತು. ಅವನು ಚೀಟಿ ಪುಸ್ತಕ ಮಡಚಿ ಜೇಬಿಗಿಟ್ಟ.

"ನಾವು ದಿನವಿಡೀ ಬಿಸಿಲಲ್ಲಿ ನಿಲ್ತೀವಿ. ಇಂಥದ್ದು ನಿಮ್ಮಂಥವರಿಗೇ ಸಿಗೋದು" ಅಂದ. ಆಮೇಲೆ ಗುಟ್ಟಿನಲ್ಲಿ, "ಹೆಲ್ಮೆಟ್ಟಿನ ಗಾಜಿಗೆ ಆಗುತ್ತಾ?" ಎಂದು ಕೇಳಿದ.

ನೋಡಿ, ಸುಳ್ಳು ಹೇಳಿದವನಿಗೆ ಅದು ಸುಳ್ಳೆಂದು ಗೊತ್ತಿರುತ್ತದೆ ಎಂದು ಜನ ತಿಳಿದಿದ್ದಾರೆ. ಅದು ಮೊದಲ ಎರಡು ದಿನ ಮಾತ್ರ. ಐದನೆಯ ದಿನದ ಹೊತ್ತಿಗೆ ನನಗೆ ಕಾರಿನೊಳಗೆ ನಿಜವಾಗಿಯೂ ತಂಪು ಅನ್ನಿಸತೊಡಗಿತ್ತು.

ಒಂದು ವಾರ ಕಳೆದ ಮೇಲೆ ಚಪ್ಪರದ ಒಂದು ಕಂಬ ಅಲ್ಲಾಡುತ್ತಿದೆಯೆಂದು ಹೇಳಲು ನಾನು ವೆಲ್ಡರನ ಶೆಡ್ಡಿಗೆ ಹೋದೆ. ಅಂಗಳದಲ್ಲಿ ಷಡ್ಡಕನ ಹೊಸ ಕಾರು ನಿಂತಿತ್ತು. ಮೈಯೆಲ್ಲ ಒದ್ದೆ ಚೀಲ ಹೊದ್ದು, ಮುಂದಿನ ಗಾಜು ಮಾತ್ರ ಬೆತ್ತಲೆಯಾಗಿ ಬಿಟ್ಟುಕೊಂಡಿತ್ತು. ವೆಲ್ಡರ್ ಅದರ ಎದುರು ಕುಕ್ಕರಗಾಲಲ್ಲಿ ಕೂತು ಒಂದು ಕಬ್ಬಿಣದ ತುಂಡಿಗೆ ಗ್ರೈಂಡರ್ ಒತ್ತಿ ಕಿಡಿಗಳನ್ನು ಗಾಜಿಗೆ ಹಾರಿಸುತ್ತಿದ್ದ. ಷಡ್ಡಕ ಪಕ್ಕದಲ್ಲೇ ನಿಂತು, "ಎಡಗಡೆ ಮೂಲೆಗೆ ಇನ್ನೂ ಸ್ವಲ್ಪ ಬೀಳ್ಲಿ" ಎನ್ನುತ್ತಿದ್ದ. ಅವರ ಹಿಂದೆ ಡ್ರಿಲ್ ಮೇಷ್ಟ್ರು ತಮ್ಮ ಕನ್ನಡಕವನ್ನು ಕೈಯಲ್ಲಿ ಹಿಡಿದು ಸರದಿಗೆ ಕಾದಿದ್ದರು. ಮೂಲೆಯ ಕಟ್ಟೆಯ ಮೇಲೆ ಒಂದು ಪೊಲೀಸ್ ಹೆಲ್ಮೆಟ್ ಕೂತಿತ್ತು.

ನಾನು ಗೋಡೆಯ ಮರೆಗೆ ಸರಿದೆ. ಷಡ್ಡಕ ಹೋದ ಮೇಲೆ ವೆಲ್ಡರನ್ನು ಹಿಡಿದುಕೊಂಡೆ.

"ಏನಯ್ಯಾ ಇದು? ಗಾಜು ಹಾಳಾಗುತ್ತೆ ಅಂತ ಹೇಳ್ಲಿಲ್ವಾ?"

"ಹೇಳ್ದೆ ಸಾರ್. 'ನನ್ನ ಷಡ್ಡಕನಿಗೆ ಮಾತ್ರ ಮಾಡ್ಕೊಡ್ತೀಯಾ, ನನಗೆ ಯಾಕೆ ಹಾಳು ಅಂತೀಯಾ? ಅವನು ಹೇಳಿಕೊಟ್ಟಿದ್ದಾನಾ?' ಅಂತ ಜಗಳಕ್ಕೇ ಬಂದ್ರು. ನಿಮ್ಮಿಷ್ಟ ಸಾರ್ ಅಂದೆ. ನಿಮ್ಮದಕ್ಕಿಂತ ಚೆನ್ನಾಗಿ ಬರ್ಬೇಕು ಅಂದ್ರು. ಗ್ರೈಂಡರಿಗೆ ಹೊಸ ಚಕ್ರ ಹಾಕಿ ನಯವಾಗಿ ಹಾರಿಸ್ದೆ. ಎಲ್ಲೂ ಒತ್ತೊತ್ತಾಗಿ ಬಂದಿಲ್ಲ."

ಈಗ ನಾನು ಸಂತೋಷಪಡಬೇಕಿತ್ತು. ವೈರಿಯ ಹೊಚ್ಚ ಹೊಸ ಗಾಜು, ಮಾವ ಹೆಬ್ಬೆರಳೆಳೆದು ಮೆಚ್ಚಿದ ಗಾಜು, ಅವನದೇ ಕೈಯಿಂದ ಹಾಳಾಗಿತ್ತು. ಆದರೆ ಮಾರನೆಯ ದಿನ ಅವನು ಅದನ್ನು ತಂದು ನಮ್ಮ ಮನೆ ಮುಂದೆ ನನ್ನ ಕಾರಿನ ಪಕ್ಕ ನಿಲ್ಲಿಸಿದಾಗ ನಾನು ಎರಡೂ ಗಾಜನ್ನು ಹೋಲಿಸಿ ನೋಡಿದೆ. ನನ್ನ ಗಾಜಿನಲ್ಲಿ ಚುಕ್ಕೆಗಳು ಒಂದು ಕಡೆ ಗುಂಪು, ಇನ್ನೊಂದು ಕಡೆ ಖಾಲಿ. ಅವನದರಲ್ಲಿ ಈ ತುದಿಯಿಂದ ಆ ತುದಿಯವರೆಗೆ ಎಣಿಸಿ ಇಟ್ಟಂತೆ ಸಮ. ನನ್ನ ಹಾಳು ಗಾಜಿಗಿಂತ ಅವನ ಹಾಳು ಗಾಜು ಎಷ್ಟೋ ಚೆನ್ನಾಗಿ ಹಾಳಾಗಿತ್ತು. ನನಗೆ ತಡೆಯಲಾಗದಷ್ಟು ಹೊಟ್ಟೆ ಉರಿಯಿತು.

ಹೆಂಡತಿಗೆ ಎಲ್ಲ ಹೇಳಿದೆ. "ಅಯ್ಯೋ ಪಾಪ, ಅಕ್ಕನ ಹೊಸ ಕಾರು!" ಎಂದು ಸೆರಗಿಲ್ಲದ್ದರಿಂದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದಳು. ಆ ಕೈ ಹಿಂದೆ ಅಳುವಿಗಿಂತ ಬೇರೇನೋ ನಡೆಯುತ್ತಿದೆ ಎಂದು ಅವಳ ಭುಜ ನೋಡಿದರೆ ತಿಳಿಯುತ್ತಿತ್ತು. ಕೊನೆಗೆ ಸಾವರಿಸಿಕೊಂಡು, "ಅದೆಲ್ಲ ಸರಿ, ಮೊದಲು ನಮ್ಮ ಗಾಜು ರಿಪೇರಿ ಮಾಡಿಸಿ. ಅಪ್ಪ ಕೂತ್ಕೊಳ್ಳೋ ಕಾರು" ಅಂದಳು.

ಹೋದೆ. ಕಾರಿನ ಗಾಜು ರಿಪೇರಿ ಮಾಡುವವನು ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿ ನಿಟ್ಟುಸಿರು ಬಿಟ್ಟ. "ಸೋಪಿನ ನೀರು ಹಾಕಿ, ಹೊಸ ಬ್ಲೇಡನ್ನ ಮಲಗಿಸಿ ಹಿಡಿದು ಒಂದೊಂದೇ ಕಣ ಎಬ್ಬಿಸ್ಬೇಕು. ಕಣ ಬರುತ್ತೆ, ಸಣ್ಣ ಗುಳಿ ಉಳಿಯುತ್ತೆ. ಅದನ್ನ ಪುಡಿ ಹಾಕಿ ಉಜ್ಜಬಹುದು, ಜಾಸ್ತಿ ಉಜ್ಜಿದ್ರೆ ಗಾಜು ಅಲೆ ಅಲೆಯಾಗಿ ರಸ್ತೆಯೇ ಕುಣಿಯುತ್ತೆ" ಅಂದ.

"ಹೀಗೇ ಬಿಟ್ರೆ? ಕಣ್ಣು ಆಪರೇಷನ್ ಆದವರು ಕೂತ್ರೆ?"

"ಎದುರು ಬಿಸಿಲಿದ್ರೆ ಒಂದೊಂದು ಚುಕ್ಕೇಲೂ ಒಂದೊಂದು ಸೂರ್ಯ ಕಾಣುತ್ತೆ. ಪಾಪ, ಅವರಿಗೆ ಕಣ್ಣು ಬಿಡೋಕ್ಕಾಗಲ್ಲ."

ನನಗೆ ಕಸಿವಿಸಿಯಾಯಿತು. ಕೀಲಿಯನ್ನು ಅವನ ಕೈಗೆ ಕೊಡಲು ಹೋದವನಿಗೆ ಇನ್ನೊಂದು ಯೋಚನೆ ಅಡ್ಡ ಬಂತು. ನನ್ನದನ್ನು ತೆಗೆಸಿಬಿಟ್ಟರೆ ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ಕಿರಣ ಚದುರಿಕೆ ಇರುವ ಕಾರು ಒಂದೇ ಉಳಿಯುತ್ತದೆ, ಅದು ಅವನದು. ನಾನು ಹುಟ್ಟಿಸಿದ ಸುಳ್ಳಿನ ಫಲ ಅವನು ತಿನ್ನುತ್ತಾನೆ. ನುಂಗಿದರೆ ಗಂಟಲು ಕೊಯ್ಯುತ್ತದೆ, ಉಗುಳಿದರೆ ಮರ್ಯಾದೆ ಹೋಗುತ್ತದೆ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಆಮೇಲೆ ಎರಡು ದಿನ ಬೆಳಗಿನ ಜಾವ ಇಬ್ಬನಿ ಬಿತ್ತು. ಮೂರನೆಯ ದಿನ ಷಡ್ಡಕನ ಫೋನು.

"ನಿನ್ನ ಚುಕ್ಕೆ ಕಂದು ಬಣ್ಣಕ್ಕೆ ತಿರುಗಿದೆಯಾ?"

ತುಕ್ಕು! ಗಾಜಿನಲ್ಲಿ ಕೂತಿದ್ದ ಕಬ್ಬಿಣ ತುಕ್ಕು ಹಿಡಿಯುತ್ತಿತ್ತು. ಹದಿನಾರು ವರ್ಷದ ಅಭ್ಯಾಸ ಮತ್ತೆ ಬಾಯಿ ತೆರೆಯಿತು. "ಅದು ಮಾಗೋದು. ಎರಡನೇ ಹಂತ."

ಆ ಕಡೆಯಿಂದ ಗೆಲುವಿನ ದನಿ ಬಂತು. "ಹಾಗಾದ್ರೆ ನಂದು ನಿಂದಕ್ಕಿಂತ ಮೊದಲೇ ಮಾಗಿದೆ!"

ನಾನು ಓಡಿಹೋಗಿ ನನ್ನ ಗಾಜು ನೋಡಿದೆ. ಅಲ್ಲೊಂದು ಇಲ್ಲೊಂದು ಮಾತ್ರ ಕಂದಾಗಿತ್ತು. ಅಂದಿನಿಂದ ನಾನು ದಿನಾ ಬೆಳಿಗ್ಗೆ ಎದ್ದು ನನ್ನ ಗಾಜಿಗೆ ನೀರು ಚಿಮುಕಿಸತೊಡಗಿದೆ. ಹೆಂಡತಿ ಕಿಟಕಿಯಿಂದ ನೋಡಿ ಪರದೆ ಎಳೆಯುತ್ತಿದ್ದಳು.

ಆ ದಿನ ಬಂತು. ಹಿಂದಿನ ದಿನವೇ ಶಸ್ತ್ರಚಿಕಿತ್ಸೆ ಮುಗಿದು, ಪಟ್ಟಿ ಬಿಚ್ಚಿ, ಮಧ್ಯಾಹ್ನ ಎರಡು ಗಂಟೆಗೆ ಮಾವನವರನ್ನು ಬಿಡುವುದೆಂದು ಆಗಿತ್ತು. ಕಣ್ಣಾಸ್ಪತ್ರೆಯ ಅಂಗಳದಲ್ಲಿ ಎರಡು ಕಾರು ಪಕ್ಕಪಕ್ಕದಲ್ಲಿ ನಿಂತವು. ನನ್ನ ಹೆಂಡತಿ, ಅವಳ ಅಕ್ಕ ಇಬ್ಬರೂ ತಂದೆಯ ಒಂದೊಂದು ತೋಳು ಹಿಡಿದು ಮೆಟ್ಟಿಲಿಳಿಸಿ ಕರೆತಂದರು. ಮಾವ ಕಪ್ಪು ಕನ್ನಡಕ ಹಾಕಿದ್ದರು. ನಾನು ನನ್ನ ಕಾರಿನ ಮುಂದಿನ ಬಾಗಿಲು ತೆರೆದೆ. ಷಡ್ಡಕ ಅವನದು ತೆರೆದ.

ಮಾವ ಎರಡೂ ಬಾಗಿಲನ್ನು ಬಿಟ್ಟು ಎರಡು ಕಾರುಗಳ ನಡುವೆ ಬಂದು ನಿಂತರು. ಒಂದು ಕೈ ಅವನ ಗಾಜಿನ ಮೇಲೆ, ಒಂದು ಕೈ ನನ್ನ ಗಾಜಿನ ಮೇಲೆ ಇಟ್ಟರು. ಎರಡೂ ಹೆಬ್ಬೆರಳು ಮೆಲ್ಲಗೆ ಸರಿದವು.

"ಗ್ರೈಂಡರ್ ಕಿಡಿ" ಅಂದರು.

"ಇಲ್ಲ ಮಾವ" ಎಂದ ಷಡ್ಡಕ ಉತ್ಸಾಹದಿಂದ. "ಇದು ಕಿರಣ ಚದುರಿಕೆ ವ್ಯವಸ್ಥೆ. ನಿಮ್ಮ ಕಣ್ಣಿಗೇ ಅಂತ ಮಾಡಿಸಿದ್ದು. ನಂದು ಆಗಲೇ ಎರಡನೇ ಹಂತಕ್ಕೆ ಬಂದಿದೆ, ಇವನದು ಇನ್ನೂ ಹಸಿ."

"ಯಾರು ಹೇಳಿದ್ದು?"

ಷಡ್ಡಕ ನನ್ನ ಕಡೆ ಬೆರಳು ತೋರಿಸಿದ. ಮಾವ ಕಪ್ಪು ಕನ್ನಡಕವನ್ನು ನನ್ನ ಕಡೆ ತಿರುಗಿಸಿದರು. ಆ ಕನ್ನಡಕದ ಹಿಂದೆ ಈಗ ಪೊರೆ ಇರಲಿಲ್ಲ, ಎಲ್ಲ ಕಾಣುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು.

"ನನ್ನದು... ತಪ್ಪಿ ಆಗಿದ್ದು ಮಾವ" ಅಂದೆ.

"ತಪ್ಪಿ?" ಷಡ್ಡಕನ ದನಿ ಆಸ್ಪತ್ರೆಯ ಮೂರನೆಯ ಮಹಡಿಗೆ ಕೇಳಿಸಿತು. "ಅಯ್ಯಾ, ನಾನು ಬೇಕು ಅಂತ ಮಾಡಿಸ್ಕೊಂಡೆನಲ್ಲಯ್ಯಾ! ಎಡಗಡೆ ಮೂಲೆಗೆ ಕಡಿಮೆ ಬಿತ್ತು ಅಂತ ಜಗಳ ಬೇರೆ ಆಡ್ದೆ!"

ಕಿಟಕಿಗಳಲ್ಲಿ ನರ್ಸುಗಳ ತಲೆ ಕಂಡವು. ಕಾವಲುಗಾರ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಅತ್ತಿಗೆ ತನ್ನ ಗಂಡನನ್ನು ನೋಡಿದ ನೋಟದಲ್ಲಿ ಮೂರು ಅಂಗಡಿಯ ಹಾಸಿಗೆಗಳೂ ಸುಟ್ಟು ಹೋಗಬೇಕಿತ್ತು. ಮಾವ ಮಾತ್ರ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಔಷಧಿ ಅಂಗಡೀಲಿ ಎರಡು ಪೊಟ್ಟಣ ಬ್ಲೇಡ್ ತನ್ನಿ. ಸೋಪು ನೀರು ತನ್ನಿ" ಅಂದರು. ತಂದೆವು. "ಯಾರ ಗಾಜು ಮೊದಲು ಶುದ್ಧ ಆಗುತ್ತೋ ಆ ಕಾರಲ್ಲಿ ನಾನು ಕೂರ್ತೀನಿ."

ನಾನು ಬ್ಲೇಡು ಬಿಚ್ಚಿ ನನ್ನ ಕಾರಿನತ್ತ ಹಾರಿದೆ.

"ತಡಿ. ನೀನು ಅವನ ಗಾಜು. ಅವನು ನಿನ್ನ ಗಾಜು" ಎಂದು ಹೇಳಿ ಅವರು ಮರದ ನೆರಳಲ್ಲಿದ್ದ ಕಲ್ಲುಬೆಂಚಿನ ಮೇಲೆ ಹೋಗಿ ಕೂತರು.

ನಾವಿಬ್ಬರೂ ಶುರು ಮಾಡಿದೆವು. ಸೋಪಿನ ನೀರು ಹಾಕಿ, ಬ್ಲೇಡು ಮಲಗಿಸಿ, ಒಂದು ಕಣ ಎಬ್ಬಿಸಿದೆ. ಎರಡು ಎಬ್ಬಿಸಿದೆ. ಹತ್ತನೆಯದಕ್ಕೆ ಬರುವಾಗ ಕೈ ತಾನಾಗಿ ನಿಂತಿತು. ನಾನು ಬೇಗ ಉಜ್ಜಿದರೆ ಶುದ್ಧವಾಗುವುದು ಅವನ ಗಾಜು. ಮಾವ ಕೂರುವುದು ಅವನ ಕಾರಿನಲ್ಲಿ. ತಲೆ ಎತ್ತಿದೆ. ಷಡ್ಡಕನೂ ತಲೆ ಎತ್ತಿದ್ದ. ಅವನ ಬ್ಲೇಡೂ ನಿಂತಿತ್ತು. ಆ ಕ್ಷಣದಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡಷ್ಟು ಚೆನ್ನಾಗಿ ಯಾವ ಅಣ್ಣತಮ್ಮಂದಿರೂ ಮಾಡಿಕೊಂಡಿರಲಾರರು.

ಅಲ್ಲಿಂದ ಮುಂದೆ ನಡೆದದ್ದು ಪ್ರಪಂಚದಲ್ಲೇ ಅತಿ ನಿಧಾನದ ಪಂದ್ಯ. ನಾನು ಒಂದು ಚುಕ್ಕೆ ತೆಗೆದು ಅದನ್ನು ಬೆರಳ ಮೇಲಿಟ್ಟು ಪರೀಕ್ಷಿಸಿದೆ. ಅವನು ಬ್ಲೇಡು ತೊಳೆದ, ಒರೆಸಿದ, ಮತ್ತೆ ತೊಳೆದ. ನಾನು ಸೋಪಿನ ನೀರು ಬದಲಾಯಿಸಲು ಹೋಗಿ ಹಾದಿಯಲ್ಲಿ ಸಿಕ್ಕವರಿಗೆಲ್ಲ ಕಣ್ಣಿನ ಆರೋಗ್ಯ ವಿಚಾರಿಸಿದೆ. ಅವನು ಬೂಟಿನ ಲೇಸು ಬಿಚ್ಚಿ ಕಟ್ಟಿದ.

ಒಂದು ಗಂಟೆಯ ಮೇಲೆ ಹೆಂಡತಿ ಬಂದಳು. "ಎಷ್ಟಾಯ್ತು?"

"ಹದಿನೇಳು" ಅಂದೆ.

"ನಂದು ಹದಿಮೂರು!" ಎಂದು ಆ ಕಡೆಯಿಂದ ಷಡ್ಡಕ ಹೆಮ್ಮೆಯಿಂದ ಕೂಗಿದ. ನಾನು ನಾಲ್ಕು ಚುಕ್ಕೆಯಷ್ಟು ಅವನಿಗೆ ಉಪಕಾರ ಮಾಡಿಬಿಟ್ಟಿದ್ದೆ.

"ಈ ಲೆಕ್ಕದಲ್ಲಿ ಯಜಮಾನರಿಗೆ ಇನ್ನೊಂದು ಸಲ ಪೊರೆ ಬರುತ್ತೆ" ಎಂದ ಕಾವಲುಗಾರ.

ಹೊತ್ತು ಇಳಿಯುತ್ತಿತ್ತು. ಮರದ ನೆರಳು ಬೆಂಚಿನ ಮೇಲೆ ಸರಿಯುತ್ತಿತ್ತು. ಮಾವನವರು ನೆರಳಿನ ಜೊತೆಗೇ ಒಂದಿಷ್ಟು ಸರಿದು ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಸರಿದರು. ಹಾಗೇ ಬೆಂಚಿನ ತುದಿಗೆ ಬಂದುಬಿಟ್ಟರು. ಆಮೇಲೆ ನೆರಳು ಬೆಂಚನ್ನೂ ಬಿಟ್ಟು ಹೋಯಿತು. ಅವರು ಎದ್ದು ನಿಂತು, ಕನ್ನಡಕ ತೆಗೆದು, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಕರವಸ್ತ್ರದಲ್ಲಿ ಒತ್ತಿಕೊಂಡು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು ನಿಂತರು. ನಮ್ಮ ಕಡೆ ನೋಡಲೂ ಇಲ್ಲ, ಕರೆಯಲೂ ಇಲ್ಲ.

ನನಗೆ ನಾಚಿಕೆಯಾಯಿತು. ಅಷ್ಟೇ, ಬೇರೆ ದೊಡ್ಡ ಮಾತು ಬೇಡ. ಕೂರಲಿ, ಅವನ ಕಾರಿನಲ್ಲೇ ಕೂರಲಿ, ಅವನ ಮನೆಗೇ ಹೋಗಲಿ, ಎಲ್ಲಾದರೂ ನೆರಳಿಗೆ ಹೋಗಲಿ ಎಂದುಕೊಂಡು ಅಂಗಿಯ ತೋಳು ಮಡಚಿದೆ. ಎರಡೂ ಕೈಯಲ್ಲಿ ಬ್ಲೇಡು ಹಿಡಿದು ಷಡ್ಡಕನ ಗಾಜಿನ ಮೇಲೆ ಬಿದ್ದೆ. ಹೆಂಡತಿ ಸೋಪಿನ ನೀರು ಸುರಿಯುತ್ತಾ ನಿಂತಳು.

ಷಡ್ಡಕ ಮೊದಲು ಅನುಮಾನದಿಂದ ನೋಡಿದ. ಆಮೇಲೆ ಅವನ ಮುಖ ಅರಳಿತು. ಅವನ ಗಾಜು ಗೆಲ್ಲುತ್ತಿತ್ತಲ್ಲ! ಅವನು ತನ್ನ ಬ್ಲೇಡನ್ನು ನನ್ನ ಕಾರಿನ ಬಾನೆಟ್ಟಿನ ಮೇಲಿಟ್ಟು, ಕೈ ಕಟ್ಟಿಕೊಂಡು ನನ್ನ ಬೆನ್ನ ಹಿಂದೆ ಬಂದು ನಿಂತ. "ಅಲ್ಲೊಂದು ಉಳೀತು ನೋಡು. ಹಾಂ, ಅದರ ಮೇಲೆ. ಎಡಗಡೆ ಮೂಲೆ ಮರೀಬೇಡ" ಎಂದು ಮೇಲ್ವಿಚಾರಣೆ ಮಾಡತೊಡಗಿದ.

ಮುಗಿಯುವಾಗ ಐದು ಗಂಟೆ. ಗುಳಿಗಳು ಅಲ್ಲಲ್ಲಿ ಉಳಿದಿದ್ದವು, ಆದರೆ ಒಂದು ಕಣವೂ ಉಳಿದಿರಲಿಲ್ಲ. ಮಾವ ಬಂದು ಹೆಬ್ಬೆರಳೆಳೆದು ನೋಡಿ, ಷಡ್ಡಕನ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಷಡ್ಡಕ ನನ್ನ ಬೆನ್ನು ತಟ್ಟಿ, ಕೀಲಿ ಕುಣಿಸುತ್ತಾ ಆ ಕಡೆಯ ಬಾಗಿಲಿಗೆ ಹೊರಟ.

"ಕೀಲಿ ಅವನಿಗೆ ಕೊಡು" ಅಂದರು ಮಾವ.

"ಮಾವ?"

"ಯಾವ ಕಾರಲ್ಲಿ ಕೂರ್ತೀನಿ ಅಂತ ಹೇಳಿದ್ದೆ. ಯಾರು ಓಡಿಸ್ಬೇಕು ಅಂತ ಹೇಳಿರ್ಲಿಲ್ಲ. ಗಾಜು ತೊಳೆದವನು ಓಡಿಸ್ಲಿ. ನೀನು ಅವನ ಕಾರು ತಗೊಂಡು ಹಿಂದೆ ಬಾ."

ಷಡ್ಡಕ ತಿರುಗಿ ನನ್ನ ಕಾರಿನ ಗಾಜು ನೋಡಿದ. ಅವನೇ ಕಷ್ಟಪಟ್ಟು ಹದಿಮೂರು ಚುಕ್ಕೆ ಮಾತ್ರ ತೆಗೆದಿದ್ದ ಗಾಜು. ಎದುರಿಗೆ ಸಂಜೆಯ ಸೂರ್ಯ ನೆಟ್ಟಗೆ ನಿಂತಿದ್ದ.

ನಾನು ಹೊಸ ಕಾರಿನ ಸ್ಟಿಯರಿಂಗ್ ಹಿಡಿದು ಕೇಳಿದೆ. "ಎಲ್ಲಿಗೆ ಮಾವ?"

"ಕರ್ಕೊಂಡು ಹೋಗ್ತಿರೋನು ನೀನ್ತಾನೇ? ನಿನ್ನ ಮನೆಗೆ."

ಹಿಂದಿನ ಸೀಟಿನಲ್ಲಿ ಹೆಂಡತಿ ಮೆಲ್ಲಗೆ ನನ್ನ ಭುಜ ಒತ್ತಿದಳು. ಕಾರು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಇಂಥ ಕಾರು ಅವನಿಗೆ ಯಾಕಪ್ಪಾ ಎಂದು ಒಂದು ಸಲ ಅನ್ನಿಸಿತು, ನುಂಗಿಕೊಂಡೆ. ಮಾವ ನನ್ನ ಪಕ್ಕದಲ್ಲಿದ್ದರು. ಅವರಿಗೆ ನನ್ನ ಮನೆಯಲ್ಲಿ ಒಂದು ತಿಂಗಳು, ದಿನಕ್ಕೆ ನಾಲ್ಕು ಸಲ, ನನ್ನ ಕೈಯಿಂದಲೇ ಔಷಧಿ. ಜಗತ್ತಿನಲ್ಲಿ ನನಗೆ ಯಾರ ಮೇಲೂ ಅಸೂಯೆ ಉಳಿದಿರಲಿಲ್ಲ.

ಮಾವ ಕಪ್ಪು ಕನ್ನಡಕವನ್ನು ಸರಿಮಾಡಿಕೊಂಡು ಪಕ್ಕದ ಕನ್ನಡಿಯಲ್ಲಿ ಹಿಂದೆ ನೋಡಿದರು. ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ನನ್ನ ಹಳೆಯ ಕಾರು ರಸ್ತೆಯ ಅಂಚು ಹಿಡಿದು ಬರುತ್ತಿತ್ತು. ಷಡ್ಡಕ ಕತ್ತು ಮುಂದೆ ಚಾಚಿ ಕಣ್ಣು ಕಿರಿದು ಮಾಡಿಕೊಂಡಿದ್ದ. ಅತ್ತಿಗೆ ಕಿಟಕಿಯಿಂದ ಅರ್ಧ ಹೊರಗೆ ಬಂದು, ಎದುರು ಬರುವವರಿಗೆಲ್ಲ ಕೈ ಬೀಸಿ ದಾರಿ ಬಿಡಿಸುತ್ತಿದ್ದರು.

"ನೋಡು" ಅಂದರು ಮಾವ. "ಎಷ್ಟು ನಿಧಾನವಾಗಿ, ಎಷ್ಟು ಜವಾಬ್ದಾರಿಯಿಂದ ಓಡಿಸ್ತಾನೆ. ಮನುಷ್ಯ ಅಂದ್ರೆ ಹಾಗಿರ್ಬೇಕು. ನೋಡಿ ಕಲಿ."

"ಮಾವ! ಅವನಿಗೆ ರಸ್ತೆ ಕಾಣಿಸ್ತಿಲ್ಲ!"

"ಕಾಣಿಸ್ದೇ ಇದ್ರೂ ಅಷ್ಟು ಚೆನ್ನಾಗಿ ಓಡಿಸ್ತಾನಲ್ಲ" ಎಂದು ಅವರು ಸೀಟಿಗೆ ಒರಗಿದರು.

ನಾನು ಹಲ್ಲು ಕಚ್ಚಿಕೊಂಡು ವೇಗ ಇಳಿಸಿದೆ. ಇನ್ನೂ ಇಳಿಸಿದೆ. ಅವನಿಗಿಂತ ನಿಧಾನ, ಅವನಿಗಿಂತ ಜವಾಬ್ದಾರಿ. ಒಂದು ಸೈಕಲ್ಲು ನಮ್ಮನ್ನು ದಾಟಿ ಹೋಯಿತು, ಆಮೇಲೆ ನಡೆದುಕೊಂಡು ಬರುತ್ತಿದ್ದ ಇಬ್ಬರು ಅಜ್ಜಿಯರು ದಾಟಿ ಹೋದರು. ಹಿಂದಿನಿಂದ ನನ್ನದೇ ಕಾರು ನನಗೇ ಹಾರ್ನ್ ಹೊಡೆಯತೊಡಗಿತು.